ಚಿಕ್ಕಬೆಟ್ಟದ ಕಲ್ಲು ಹೇಳುವ ಶಾಂತಲೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸ್‌ನಲ್ಲಿ ಶಾಂತಲೆಗೆ ಸಿಗುವುದು ಒಂದೇ ಸಾಲು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಾಣಿ, ನಾಟ್ಯರಾಣಿ ಎಂದು ಹೆಸರಾದವಳು. ಅಷ್ಟಕ್ಕೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಹಾಸನ ಜಿಲ್ಲೆಯವರಾದ ನಮಗೆ ಇನ್ನೆರಡು ಸಂಗತಿ ಹೆಚ್ಚಿಗೆ ಗೊತ್ತು. ಬೇಲೂರಿನ ದರ್ಪಣಸುಂದರಿ ಅವಳೇ ಅಂತೆ. ಮಕ್ಕಳಿಲ್ಲದ ಕೊರಗಿನಲ್ಲಿ ಶಿವಗಂಗೆ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳಂತೆ. ಕೈಯಲ್ಲೊಂದು ಕನ್ನಡಿ, ಕಾಲ ಕೆಳಗೊಂದು ಪ್ರಪಾತ. ಒಬ್ಬ ಹೆಣ್ಣಿನ ಇಡೀ ಬದುಕನ್ನು ನಾವು ಈ ಎರಡು ಚಿತ್ರಗಳಲ್ಲಿ ಮುಗಿಸಿಬಿಟ್ಟಿದ್ದೇವೆ.

ಆದರೆ ಶಾಂತಲೆ ಬದುಕಿದ್ದಾಗಲೇ ಅವಳ ಬಗ್ಗೆ ಕೆತ್ತಿದ ಶಾಸನ ನಮ್ಮ ಪಕ್ಕದಲ್ಲೇ ಇದೆ. ಚನ್ನರಾಯಪಟ್ಟಣದಿಂದ ಅರ್ಧ ಗಂಟೆ ಬಸ್ ಹತ್ತಿದರೆ ಶ್ರವಣಬೆಳಗೊಳ. ಅಲ್ಲಿಗೆ ಹೋದವರು ದೊಡ್ಡಬೆಟ್ಟ ಹತ್ತಿ, ಗೊಮ್ಮಟನನ್ನು ನೋಡಿ, ಎಳನೀರು ಕುಡಿದು ವಾಪಸಾಗುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ ಹೋಗುವವರು ಕಡಿಮೆ. ಅಲ್ಲಿನ ಬಸದಿಗಳ ಸಾಲಿನಲ್ಲಿ ಸುಮಾರು 69 ಅಡಿ ಉದ್ದ, 35 ಅಡಿ ಅಗಲದ ಒಂದು ಕಟ್ಟಡವಿದೆ. ಬೇಲೂರಿನ ಹಾಗೆ ಕುಸುರಿ ಕೆಲಸವಿಲ್ಲ, ಮದನಿಕೆಯರಿಲ್ಲ. ಒಳಗೆ ಶಾಂತಿನಾಥ ತೀರ್ಥಂಕರ. 1123ರಲ್ಲಿ ಇದನ್ನು ಕಟ್ಟಿಸಿದವಳು ಶಾಂತಲೆ.

ಅವಳ ಹುಟ್ಟಿದ ಮನೆಯಲ್ಲೇ ಎರಡು ದೇವರು. ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ದಂಡನಾಯಕರ ಮನೆತನದ ಜೈನ ಹೆಣ್ಣುಮಗಳು. ಮಗಳು ತಾಯಿಯ ದಾರಿ ಹಿಡಿದಳು. ಮದುವೆಯಾದ ಮೇಲೆ ಈ ಆಯ್ಕೆ ಸಣ್ಣದಾಗಿ ಉಳಿಯಲಿಲ್ಲ. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ಮರುವರ್ಷ ಬೇಲೂರಿನಲ್ಲಿ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ರಾಮಾನುಜಾಚಾರ್ಯರ ಪ್ರಭಾವದಿಂದ ಅವನು ವೈಷ್ಣವನಾದ ಎಂಬುದು ಎಲ್ಲರೂ ಓದಿದ ಕಥೆ. ಗಂಡ ಹೋದ ಕಡೆಗೆ ಹೆಂಡತಿಯೂ ಹೋಗಬೇಕೆಂಬ ಲೆಕ್ಕ ನಮ್ಮಲ್ಲಿ ಇವತ್ತಿಗೂ ಇದೆ; ಮದುವೆಯಾದ ಮರುದಿನವೇ ಮನೆದೇವರು ಬದಲಾಗುತ್ತದೆ. ಶಾಂತಲೆ ಬದಲಾಗಲಿಲ್ಲ. ಕೊನೆಯವರೆಗೂ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿಯೇ ಇದ್ದಳು.

ಹಾಗಂತ ಗಂಡನ ದೇವರ ಮೇಲೆ ಮುನಿಸಿಕೊಂಡು ಕೂತವಳೂ ಅಲ್ಲ. ಬೇಲೂರಿನ ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆಯಲ್ಲ, ಅದನ್ನು ಮಾಡಿಸಿದವಳು ಅವಳೇ. ಇತ್ತ ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಶಿವಲಿಂಗ ಹೊಯ್ಸಳೇಶ್ವರನಾದರೆ, ಇನ್ನೊಂದು ಅವಳ ಹೆಸರಿನ ಶಾಂತಲೇಶ್ವರ. ಹೀಗೆ ಒಬ್ಬ ಜೈನ ಹೆಣ್ಣಿನ ಹೆಸರು ಬಸದಿಯಲ್ಲೂ ವಿಷ್ಣುವಿನ ಗುಡಿಯಲ್ಲೂ ಶಿವನ ಗುಡಿಯಲ್ಲೂ ಉಳಿದಿದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ಸಿಗುವ ಶಾಂತಿಗ್ರಾಮಕ್ಕೂ ಅವಳಿಂದಲೇ ಹೆಸರು ಬಂತೆಂದು ಜನ ಹೇಳುತ್ತಾರೆ.

ಬಸದಿಯ ಶಾಸನ ಅವಳನ್ನು ಹೊಗಳುವುದಕ್ಕೆ ಜಿಪುಣತನ ಮಾಡಿಲ್ಲ. ಹಾಡು, ವಾದ್ಯ, ನೃತ್ಯ ಮೂರರಲ್ಲೂ ನಿಪುಣೆ ಎನ್ನುತ್ತದೆ. ನಾಟ್ಯರಾಣಿ ಎಂಬ ನಮ್ಮ ನೋಟ್ಸಿನ ಸಾಲು ಸುಳ್ಳೇನಲ್ಲ. ಆದರೆ ಅದೇ ಶಾಸನ ಅವಳ ವಿವೇಕವನ್ನು ಬೃಹಸ್ಪತಿಗೆ ಹೋಲಿಸುತ್ತದೆ, ಕೇಳಿದ ತಕ್ಷಣ ತಕ್ಕ ಉತ್ತರ ಕೊಡುವ ಜಾಣ್ಮೆಯನ್ನು ಮೆಚ್ಚುತ್ತದೆ. ಕುಣಿತವನ್ನು ನೆನಪಿಟ್ಟುಕೊಂಡ ನಾವು ಬುದ್ಧಿಯನ್ನು ಮರೆತೆವು. ಹೊಗಳಿಕೆಯಲ್ಲಿ ಅರ್ಧ ಕಳೆದರೂ ಉಳಿದರ್ಧ ಗಟ್ಟಿಯಾಗಿದೆ. ಬಸದಿ ಕಟ್ಟಿಸಿ ಕೈತೊಳೆದುಕೊಳ್ಳದೆ, ಅಲ್ಲಿನ ಪೂಜೆಗೂ ಮುನಿಗಳ ಊಟಕ್ಕೂ ಮುಂದೆ ಏನು ಗತಿ ಎಂದು ಯೋಚಿಸಿ ಮೊಟ್ಟೆನವಿಲೆ ಎಂಬ ಊರನ್ನೇ ದತ್ತಿ ಬಿಟ್ಟಳು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಕಟ್ಟಡದ ಜೊತೆಗೆ ಮೇಂಟೆನೆನ್ಸ್ ಖರ್ಚನ್ನೂ ಎಸ್ಟಿಮೇಟಿನಲ್ಲಿ ಸೇರಿಸಿದಳು. ಈಗಿನ ಎಷ್ಟೋ ಕಾಮಗಾರಿಗಳಲ್ಲಿ ಈ ಎರಡನೆಯದೇ ಇರುವುದಿಲ್ಲ.

ಇಲ್ಲಿ ಎರಡು ಮಾತು ಹೇಳದಿದ್ದರೆ ನಾನೂ ಹೊಗಳುಭಟನಾಗುತ್ತೇನೆ. ಆ ಊರನ್ನು ಅವಳು ಕೊಟ್ಟದ್ದು ರಾಜನ ಒಪ್ಪಿಗೆ ಪಡೆದು. ಪಟ್ಟದರಾಣಿಯ ಕೈಗೂ ಗಂಡನ ಅನುಮತಿ ಬೇಕಿತ್ತು. ಇನ್ನು ಆ ಊರಿನ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಬಸದಿಗೆ ಅಕ್ಕಿ ಕೊಟ್ಟ ಹೆಂಗಸರ ಹೆಸರು ಕಲ್ಲಿನ ಮೇಲೆ ಇಲ್ಲ. ಶಾಸನಗಳು ಕೊಟ್ಟವರನ್ನು ಬರೆಯುತ್ತವೆ, ದುಡಿದವರನ್ನು ಬರೆಯುವುದಿಲ್ಲ.

ಬಸದಿಯ ಹೆಸರಂತೂ ನನ್ನನ್ನು ಬಹಳ ಕಾಡುತ್ತದೆ: ಸವತಿಗಂಧವಾರಣ. ಮದವೇರಿದ ಆನೆಯ ವಾಸನೆ ಬಂದರೆ ಬೇರೆ ಆನೆಗಳು ದಿಕ್ಕೆಟ್ಟು ಓಡುತ್ತವಂತೆ. ಸವತಿಯರ ಪಾಲಿಗೆ ಅಂಥ ಮದ್ದಾನೆ ಎಂಬುದು ಶಾಂತಲೆಯ ಬಿರುದು. ಅಹಿಂಸೆಯ ದೇವರಿಗೆ ಕಟ್ಟಿದ ಮನೆಗೆ ಅಂತಃಪುರದ ಜಗಳದ ಹೆಸರು! ಗಂಡಸರ ಬಿರುದುಗಳು ಗೆದ್ದ ಊರುಗಳಿಂದ ಬಂದವು, ವಿಷ್ಣುವರ್ಧನ ತಲಕಾಡುಗೊಂಡನಾದ. ಅವನ ಹೆಂಡತಿಗೆ ಸಿಕ್ಕ ರಣರಂಗ ಅರಮನೆಯ ಒಳಗಿತ್ತು, ಎದುರಾಳಿಗಳೂ ಹೆಂಗಸರೇ. ಇದು ಪಟ್ಟದರಾಣಿಗೆ ಸಲ್ಲುವ ಬರೀ ಮರ್ಯಾದೆಯ ಹೆಸರು ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಓದು, ಅಷ್ಟು ಕಲೆ, ಅಷ್ಟು ಆಸ್ತಿ ಇದ್ದವಳೂ ದಿನ ಬೆಳಗಾದರೆ ತನ್ನ ಜಾಗ ಕಾಯ್ದುಕೊಳ್ಳಬೇಕಿತ್ತು ಎಂಬುದನ್ನು ಆ ಹೆಸರು ಬಾಯಿಬಿಟ್ಟು ಹೇಳುತ್ತದೆ.

ಅದೇ ಕಾಲದಲ್ಲಿ ಬೇರೆ ಕಡೆ ಏನು ನಡೆಯುತ್ತಿತ್ತು? ಕಾನ್‌ಸ್ಟಾಂಟಿನೋಪಲ್‌ನ ರಾಜಕುಮಾರಿ ಆನಾ ಕೊಮ್ನೆನೆ ತನ್ನ ತಂದೆಯ ಆಳ್ವಿಕೆಯ ಇತಿಹಾಸವನ್ನು ತಾನೇ ಬರೆದಳು. ಜೆರುಸಲೇಮಿನಲ್ಲಿ 1131ರಲ್ಲಿ ಮೆಲಿಸೆಂಡ್ ತನ್ನ ತಂದೆಯ ವಾರಸುದಾರಳಾಗಿ, ಗಂಡನ ಜೊತೆಯಲ್ಲೇ ಕಿರೀಟ ಧರಿಸಿದಳು. ಶಾಂತಲೆಗೆ ಸಿಂಹಾಸನದ ಹಕ್ಕೂ ಇರಲಿಲ್ಲ, ಅವಳೇ ಬರೆದದ್ದು ಒಂದಕ್ಷರವೂ ನಮಗೆ ಸಿಕ್ಕಿಲ್ಲ. ಅವಳನ್ನು ನಾವು ಬೇರೆಯವರ ಮಾತಿನಲ್ಲೇ ಕೇಳಬೇಕು.

ಆ 1131ರಲ್ಲೇ ಶಾಂತಲೆ ತೀರಿಕೊಂಡಳು. ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯಲ್ಲಿ. ನೆಲಮಂಗಲದ ಹತ್ತಿರದ ಆ ಬೆಟ್ಟಕ್ಕೆ ಟ್ರೆಕ್ಕಿಂಗ್ ಹೋದವರು ಶಾಂತಲಾ ಡ್ರಾಪ್ ಎಂಬ ಕಡಿದಾದ ಜಾಗದಲ್ಲಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಗಂಡನಿಗೆ ವಾರಸುದಾರ ಸಿಗಲೆಂದು, ಇನ್ನೊಬ್ಬಳಿಗೆ ದಾರಿ ಬಿಟ್ಟು, ಇಲ್ಲಿಂದ ಹಾರಿದಳು ಎಂದು ರೀಲ್ಸ್‌ಗಳೂ ಹೇಳುತ್ತವೆ. ಮುಂದೆ ಪಟ್ಟಕ್ಕೆ ಬಂದ ಒಂದನೇ ನರಸಿಂಹ ಲಕ್ಷ್ಮೀದೇವಿಯ ಮಗ ಎಂಬುದು ನಿಜ. ಆದರೆ ಶಾಂತಲೆಯ ಸಾವನ್ನು ದಾಖಲಿಸಿದ ಶ್ರವಣಬೆಳಗೊಳದ ಶಾಸನ ಶಿವಗಂಗೆಯಲ್ಲಿ ಅವಳು ಸ್ವರ್ಗಸ್ಥಳಾದಳು ಎನ್ನುತ್ತದೆಯೇ ಹೊರತು, ಹಾರಿದಳು ಎನ್ನುವುದಿಲ್ಲ. ಮಕ್ಕಳ ಮಾತನ್ನೂ ಸವತಿಯ ಮಾತನ್ನೂ ಕಾರಣವಾಗಿ ಹೇಳುವುದಿಲ್ಲ. ಬಸದಿ ಕಟ್ಟಿಸಿದವಳ ಸಾವಿಗೆ ಗರ್ಭವನ್ನೇ ಕಾರಣ ಮಾಡಿದ್ದು ನಂತರದ ಬಾಯಿಮಾತು. ಕಥೆ ಚೆನ್ನಾಗಿದೆ, ಕಣ್ಣೀರೂ ಬರಿಸುತ್ತದೆ. ಆದರೆ ಮಕ್ಕಳಾಗದ ಹೆಣ್ಣು ಜಾಗ ಖಾಲಿ ಮಾಡುವುದೇ ದೊಡ್ಡ ತ್ಯಾಗ ಎಂದು ಕೇಳುವವರ ತಲೆಯಲ್ಲಿ ಕೂರಿಸುತ್ತದೆ. ನಮ್ಮ ಊರುಗಳಲ್ಲಿ ಈ ಮಾತನ್ನು ಇನ್ನೂ ಸೊಸೆಯರ ಕಿವಿಗೆ ಹಾಕುವವರಿದ್ದಾರೆ.

ಅದೇ ಶಾಸನದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾವ ಗೈಡೂ ಹೇಳುವುದಿಲ್ಲ. ಶಾಂತಲೆಯ ಬಗ್ಗೆ ಬರೆದ ಕಲ್ಲು ಅಷ್ಟಕ್ಕೇ ನಿಲ್ಲದೆ ಅವಳ ತಾಯಿಯ ಬಗ್ಗೆಯೂ ಹೇಳುತ್ತದೆ, ಆಕೆಯ ತವರಿನ ವಂಶವನ್ನೂ ಹೆಸರಿಸುತ್ತದೆ. ಮಗಳ ಸಾವನ್ನು ತಾಳಲಾರದೆ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದಳು. ಮಗಳು ಎಂಟು ವರ್ಷದ ಹಿಂದೆ ಬಸದಿ ಕಟ್ಟಿಸಿದ್ದ ಊರು ಅದು. ಮಗಳ ಗುರುಗಳಾಗಿದ್ದ ಪ್ರಭಾಚಂದ್ರರು ಮತ್ತು ಇತರ ಮುನಿಗಳ ಮುಂದೆ ಸಲ್ಲೇಖನ ವ್ರತ ತೊಟ್ಟು, ಅನ್ನ ಬಿಟ್ಟಳು. ಒಂದು ತಿಂಗಳು ಹಾಗೇ ಇದ್ದು ಕಣ್ಣು ಮುಚ್ಚಿದಳು.