ಮಕ್ಕಳ ತೋಟವನ್ನು ನೆಟ್ಟ ಫ್ರೋಬೆಲರು

ಮಗುವಿಗೆ ಮೂರು ವರುಷ ತುಂಬುವಷ್ಟರಲ್ಲಿ ಅದರ ಕೈಗೆ ಪುಸ್ತಕವನ್ನು ಕೊಟ್ಟು, ಅದು ಅಂಗಳದಲ್ಲಿ ಮಣ್ಣಾಟವಾಡಿದರೆ ಗದರಿಸುವ ತಂದೆತಾಯಿಗಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆಟವು ಸೋಮಾರಿತನದ ಬೀಜವೆಂದು ನಾವೂ ಎಣಿಸಿ, ಆದಿತ್ಯವಾರದ ಶಾಲೆಯಲ್ಲಿ ಎಳೆಯರನ್ನು ಕೈಕಟ್ಟಿಸಿ ಬಹಳ ಹೊತ್ತು ಕೂರಿಸಿದ್ದುಂಟು. ಇದು ತಪ್ಪೆಂದು ನಮಗೆ ತೋರಿಸಿಕೊಟ್ಟದ್ದು ಜರ್ಮನಿ ದೇಶದ ಒಬ್ಬ ಸಭಾಪಾಲಕರ ಮಗನ ಚರಿತ್ರೆಯೇ.

ಫ್ರೀಡ್ರಿಕ್ ಫ್ರೋಬೆಲ್ ಎಂಬವರು 1782ನೆಯ ಇಸವಿಯ ಏಪ್ರಿಲ್ 21ರಂದು ತುರಿಂಗಿಯ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮಗುವಿಗೆ ವರುಷ ತುಂಬುವ ಮೊದಲೇ ತಾಯಿ ತೀರಿಹೋದಳು. ತಂದೆಗೆ ಸಭೆಯ ಕೆಲಸದಿಂದ ಬಿಡುವಿರಲಿಲ್ಲ. ಮಲತಾಯಿಯ ಪ್ರೀತಿಯು ಬಹುಕಾಲ ನಿಲ್ಲಲಿಲ್ಲ. ಮನೆಯ ಅಂಗಳವನ್ನೂ ತೋಟವನ್ನೂ ದಾಟಿ ಹೋಗಲು ಬಾಲಕನಿಗೆ ಅಪ್ಪಣೆ ಇರಲಿಲ್ಲ. ಆ ತೋಟದ ಗಿಡ ಹೂಗಳೇ ಅವನಿಗೆ ಸಂಗಡಿಗರಾದವು.

ಅವನಿಗೆ ಹತ್ತು ವರುಷವಾದಾಗ ದೇವರು ಬಾಗಿಲನ್ನು ತೆರೆದನು. ಷ್ಟಾಟಿಲ್ಮ್ ಪಟ್ಟಣದಲ್ಲಿ ಸಭಾಪಾಲಕನಾಗಿದ್ದ ಸೋದರಮಾವ ಹೋಫ್ಮನ್ನನು, ಹೆಂಡತಿಮಕ್ಕಳನ್ನು ಕಳಕೊಂಡವನಾಗಿ, ಅಳಿಯನನ್ನು ತನ್ನ ಮನೆಗೆ ಕರಕೊಂಡನು. ಅಲ್ಲಿ ಹುಡುಗನಿಗೆ ಮನಬಂದಂತೆ ತಿರುಗಾಡುವ ಸ್ವಾತಂತ್ರ್ಯವು ದೊರಕಿತು. ಆದರೆ ಜೊತೆಯ ಹುಡುಗರೊಂದಿಗೆ ಆಟಕ್ಕೆ ಇಳಿದಾಗ, ಅವರಿಗಿರುವ ಬಲವೂ ಚುರುಕೂ ತನಗಿಲ್ಲವೆಂದು ಅವನಿಗೆ ತಿಳಿಯಿತು. ಬಯಲಿನಲ್ಲಿ ಆಡುತ್ತಾ ಆಡುತ್ತಾ ಅವನ ಮೈಗೆ ಶಕ್ತಿ ಬಂತು. ಮನಸ್ಸಿನ ಕುಗ್ಗು ಕಳೆಯಿತು. ಕಟ್ಟಿಹಾಕಿದ ಬಾಲ್ಯವೂ ಬಿಟ್ಟ ಬಾಲ್ಯವೂ ಎಂಥವೆಂದು ಅವನು ತನ್ನ ಮೈಯಲ್ಲಿಯೇ ಕಲಿತನು.

ಮುಂದೆ ಅರಣ್ಯದ ಕೆಲಸವನ್ನು ಕಲಿತು, ಯೇನಾ ಪಟ್ಟಣದಲ್ಲಿ ಓದಿ, 1805ರಲ್ಲಿ ಉಪಾಧ್ಯಾಯರಾದರು. ಅವರ ಅಣ್ಣನಾದ ಕ್ರಿಸ್ಟೋಫ್ ಎಂಬ ಸಭಾಪಾಲಕನು 1813ರಲ್ಲಿ ವಿಷಮಜ್ವರದಿಂದ ಸತ್ತನು. ತಂದೆಯಿಲ್ಲದ ಆ ಮಕ್ಕಳನ್ನೂ ಇನ್ನೊಬ್ಬ ಅಣ್ಣನ ಮಕ್ಕಳನ್ನೂ ಕೂಡಿಸಿ, ಐವರು ಹುಡುಗರೊಂದಿಗೆ 1816ರಲ್ಲಿ ಶಾಲೆಯನ್ನು ಆರಂಭಿಸಿದರು. ಮರುವರುಷ ಅದು ಕೈಲ್ಹೌ ಎಂಬ ಹಳ್ಳಿಗೆ ಹೋಯಿತು. ಅಲ್ಲಿಯ ಗುಡ್ಡಕಾಡುಗಳೂ ಹುಡುಗರಿಗೆ ಪಾಠಶಾಲೆಯಾದವು. ಆಟವು ಎಳೆಯ ಮಗುವಿನ ಬೆಳವಣಿಗೆಯ ಅತ್ಯುನ್ನತ ಹಂತವೆಂದೂ, ಆಡಬೇಕಾದಾಗ ಚೆನ್ನಾಗಿ ಆಡಿದವನು ಬೆಳೆದ ಮೇಲೆ ಚೆನ್ನಾಗಿ ದುಡಿಯುವನೆಂದೂ ಅವರು 1826ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಬೋಧಿಸಿದರು.

1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಎಳೆಯರಿಗಾಗಿ ಕೆಲಸವನ್ನು ಪ್ರಾರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಚೆಂಡು, ಮರದ ತುಂಡು ಮುಂತಾದ ಆಟದ ಸಾಮಾನುಗಳನ್ನು ಅವರೇ ಯೋಚಿಸಿ ಮಾಡಿಸಿದರು. ಆದರೆ ಒಳಗಿನ ಆಟವಷ್ಟೇ ಸಾಕೆನ್ನಲಿಲ್ಲ. ಮಣ್ಣನ್ನು ಅಗೆದು, ಬೀಜ ಬಿತ್ತಿ, ಮೊಳಕೆಗಾಗಿ ಕಾದಿರುವಂತೆ ಮಕ್ಕಳಿಗೆ ಚಿಕ್ಕ ಚಿಕ್ಕ ಪಾತಿಗಳನ್ನು ಹಂಚಿಕೊಟ್ಟರು.

ಆದರೆ 1851ರಲ್ಲಿ ಪ್ರಷ್ಯದ ಸರಕಾರವು, ಈ ತೋಟಗಳು ನಾಸ್ತಿಕತನವನ್ನು ಕಲಿಸುತ್ತವೆಂದು ಅಪವಾದ ಹೊರಿಸಿ ಅವುಗಳನ್ನು ನಿಷೇಧಿಸಿತು. ಫ್ರೋಬೆಲರ ವಿನಂತಿಗಳು ನಿಷ್ಫಲವಾದವು. ಆ ದುಃಖದಲ್ಲಿಯೇ ಅವರು 1852ನೆಯ ಇಸವಿಯ ಜೂನ್ 21ರಂದು ಮರಣಹೊಂದಿದರು. 1860ರಲ್ಲಿ ನಿಷೇಧವು ರದ್ದಾಯಿತು. ಬಿತ್ತಿದವರು ಕಾಣದ ಪೈರು ಲೋಕವೆಲ್ಲಾ ಹಬ್ಬಿತು.

ವಾಚಕರೇ, ಇಂದು ನಮ್ಮ ಊರುಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ಎಂಬ ತರಗತಿಗಳುಂಟಷ್ಟೆ. ಅವುಗಳ ಕೊನೆಯ ಎರಡು ಅಕ್ಷರಗಳು ಈ ಮಕ್ಕಳ ತೋಟವನ್ನೇ ಸೂಚಿಸುತ್ತವೆ. ತೋಟದ ಹೆಸರಿಗೆ ಹಣ ಕಟ್ಟಿ, ಮಗುವನ್ನು ತೋಟದಿಂದ ಹೊರಗಿಡುವುದು ವಿವೇಕವೋ? ಯೆರೂಸಲೇಮಿಗೆ ದೇವರು ಕೊಟ್ಟ ಸಮಾಧಾನದ ಗುರುತು ಯಾವುದೆಂದು ಜೆಕರ್ಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಓದಿ ನೋಡಿರಿ. ಬೀದಿಗಳಲ್ಲಿ ಆಡುವ ಹುಡುಗ ಹುಡುಗಿಯರು ಅಲ್ಲಿದ್ದಾರೆ. ಆದುದರಿಂದ ಸಂಜೆಯ ಒಂದು ಗಳಿಗೆಯನ್ನಾದರೂ ಮಕ್ಕಳಿಗೆ ಬಿಟ್ಟುಕೊಡೋಣ. ಬಾವಿ, ಕೆರೆ, ದಾರಿಗಳ ಅಪಾಯಕ್ಕೆ ಹಿರಿಯರೊಬ್ಬರು ದೂರದಿಂದ ಕಣ್ಣಿಟ್ಟಿರಲಿ. ಆಟವನ್ನು ಮಾತ್ರ ಮಕ್ಕಳೇ ಕಟ್ಟಿಕೊಳ್ಳಲಿ. ನಾವಾದರೋ ನಮ್ಮ ಆದಿತ್ಯವಾರದ ಶಾಲೆಯ ಎಳೆಯರನ್ನು ಪಾಠದ ನಡುವೆ ಹುಣಿಸೆಮರದ ಕೆಳಗೆ ಬಿಡತೊಡಗಿದ್ದೇವೆ. ಸಸಿಯನ್ನು ನೆಟ್ಟವನು ದಿನವೂ ಬೇರನ್ನು ಕಿತ್ತು ನೋಡುವುದಿಲ್ಲ, ಬೆಳೆಯಿಸುವವನು ದೇವರೇ.