ಅಬ್ಬೆ ದುಬಾಯ್: ದೊಡ್ಡ ಸ್ವಾಮಿಯವರು ಹೊರಟ ಮೇಲೆ

ಕೊಳ್ಳೇಗಾಲ, ಹನೂರು, ಯಳಂದೂರು ಸೇರಿರುವ ಮೈಸೂರು ಧರ್ಮಪ್ರಾಂತ್ಯದಲ್ಲಿ ಗುರುಗಳ ವರ್ಗಾವಣೆಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವವರು ವಂದನೀಯ ಅಬ್ಬೆ ದುಬಾಯ್.

1792ರಲ್ಲಿ ಫ್ರಾನ್ಸಿನಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಬಂದ ಇವರು, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ್ದ ವಿಶ್ವಾಸಿಗಳನ್ನು ಒಂದುಗೂಡಿಸಿದರು. ಬಲವಂತದಿಂದ ಮತ ಬಿಟ್ಟಿದ್ದವರನ್ನು ಮರಳಿ ಸಭೆಗೆ ಸೇರಿಸಿಕೊಂಡರು. ದೇಶೀ ಉಡುಪು ತೊಟ್ಟರು, ಮಾಂಸಾಹಾರ ತ್ಯಜಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಬಡವರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಶೆಟ್ಟಿಹಳ್ಳಿ ಅವುಗಳಲ್ಲೊಂದು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಪ್ರವಚನಕ್ಕಿಂತ ಇದೇ ಅವರನ್ನು ಮನೆಮನೆಗೆ ತಲುಪಿಸಿರಬೇಕು.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು; ಮತ್ತೆ ಬರಲಿಲ್ಲ. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಈ ದೇಶದಲ್ಲಿ ಮತಪ್ರಚಾರ ಫಲಿಸದೆಂದು ಬರೆದಿದ್ದರು. ಇಷ್ಟು ದುಡಿದವರಿಗೆ ಇಷ್ಟು ನಿರಾಶೆ ಏಕೋ! ಅವರ ಲೆಕ್ಕ ತಪ್ಪಿತೆಂದೇ ನಮ್ಮ ಅನಿಸಿಕೆ. ಅವರಿಲ್ಲದೆಯೂ ಭಕ್ತಾದಿಗಳು ಉಳಿದರು, ಬೇರೆ ಗುರುಗಳಿಗೆ ಹೊಂದಿಕೊಂಡರು. ದುಬಾಯ್ 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆಯಿತು. 1860ರ ದಶಕದಲ್ಲಿ ಶೆಟ್ಟಿಹಳ್ಳಿಯಲ್ಲಿ ದೊಡ್ಡ ಇಗರ್ಜಿ ಎದ್ದಿತು.