ಹೊರಡುವ ಮುನ್ನ ಆನಂದಿಬಾಯಿ

ವೀಸಾ, ಟಿಕೆಟ್ಟು, ಚಟ್ನಿಪುಡಿ, ಸೂಟ್‌ಕೇಸಿನ ತೂಕ... ವಿದೇಶಕ್ಕೆ ಹೊರಡೋ ಮುಂಚೆ ತಲೆ ಕೆಟ್ಟುಹೋಗುತ್ತೆ ಅಲ್ವಾ? ಹಾಗಾದರೆ ಆನಂದಿಬಾಯಿ ಜೋಶಿ ಪಟ್ಟ ಪಾಡು ಕೇಳಿ.

1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಈಕೆಗೆ 9ಕ್ಕೇ ಮದುವೆ. 14ರಲ್ಲಿ ಹೆತ್ತ ಮಗು ಚಿಕಿತ್ಸೆ ಸಿಗದೆ ಹತ್ತೇ ದಿನಕ್ಕೆ ತೀರಿಕೊಂಡಿತು. ತಾನೇ ಡಾಕ್ಟರಾಗಬೇಕೆಂಬ ಹಟ ಹುಟ್ಟಿದ್ದು ಆಗಲೇ. ಗಂಡ ಗೋಪಾಲರಾವ್ ಅಂಚೆ ಇಲಾಖೆಯ ನೌಕರ. ಇಬ್ಬರೂ ಅಮೆರಿಕಕ್ಕೆ ಹೋಗುವಷ್ಟು ಅನುಕೂಲವಿಲ್ಲ. ಸರಿ, ಹೆಂಡತಿಯನ್ನೇ ಕಳಿಸಲು ನಿಂತರು. ಹೆಂಗಸು ಸಮುದ್ರ ದಾಟೋದಾ? ಧರ್ಮ ಕೆಡುತ್ತೆ, ಜಾತಿ ಕೆಡುತ್ತೆ ಅಂತ ಜನರ ಬಾಯಿ! 1883ರ ಫೆಬ್ರವರಿ 24ರಂದು ಸೆರಾಂಪುರ ಕಾಲೇಜಿನಲ್ಲಿ ಆಕೆ ಇಂಗ್ಲಿಷಿನಲ್ಲೇ ಮಾತಾಡಿ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವುದಾಗಿ ಎಲ್ಲರಿಗೂ ಉತ್ತರ ಕೊಟ್ಟರು. ಆಗಿನ್ನೂ 18 ತುಂಬಿರಲಿಲ್ಲ ಕಣ್ರೀ!

ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಮನೆಯವರ್ಯಾರೂ ಜೊತೆಗಿಲ್ಲ. ಅಲ್ಲಿ ಆಸರೆಯಾದ ಶ್ರೀಮತಿ ಕಾರ್ಪೆಂಟರ್ ಅವರ ಪರಿಚಯವೂ ಬರೀ ಪತ್ರಗಳಲ್ಲಿ.

ಆದರೆ ಹೊರಡುವಾಗಲೇ ಆಕೆಯ ಆರೋಗ್ಯ ಕೆಟ್ಟಿತ್ತು. ಅಮೆರಿಕದ ಚಳಿ, ಒಗ್ಗದ ಊಟ ಸೇರಿ ಕ್ಷಯ ಅಂಟಿಕೊಂಡಿತು. 1886ರಲ್ಲಿ ಎಂ.ಡಿ. ಆಗಿ ಮರಳಿದರೂ ಕೊಲ್ಹಾಪುರದ ಆಸ್ಪತ್ರೆಯ ಕೆಲಸ ಕಾಯುತ್ತಲೇ ಉಳಿಯಿತು. 1887ರ ಫೆಬ್ರವರಿ 26ರಂದು ತೀರಿಕೊಂಡಾಗ 22 ಕೂಡ ತುಂಬಿರಲಿಲ್ಲ.